ಕೈಯಿಂದ ಬಿಡದ ನೀರಿನ ಬಾಟಲಿ

"ಬುಡಜ್ಜಿ! ಬುಟ್ಬುಡು!" ಎಂದು ಮೊಮ್ಮಗಳು ಪವಿತ್ರ ಕಿರುಚಿದರೂ ನಾನು ನೀರಿನ ಬಾಟಲಿ ಬಿಡಲಿಲ್ಲ. ಅವಳ ಸೈಕಲ್ ಓಲಾಡಿ ಇನ್ನೇನು ಬೀಳುವ ಹಾಗಾಯಿತು. ಕೊನೆಗೆ ಅವಳೇ ಕೈಬಿಟ್ಟು ನೀರಿಲ್ಲದೆ ಮುಂದಕ್ಕೆ ತುಳಿದಳು. ಅಷ್ಟರಲ್ಲಿ ಜೊತೆಯಲ್ಲಿದ್ದ ಹುಡುಗಿಯರು ದೂರ ಹೋಗಿದ್ದರು.

ಅದು ನಂಜನಗೂಡಿನಿಂದ ತಿ. ನರಸೀಪುರಕ್ಕೆ ನಡೆದ ಸೈಕಲ್ ರೇಸು. ಮೊದಲ ಮೂವರಿಗೆ ರಾಜ್ಯದ ತಂಡದಲ್ಲಿ ಜಾಗ. ನಡುದಾರಿಯಲ್ಲಿ ನಮ್ಮೂರು ಸಿಗುವುದರಿಂದ ನೀರು ಕೊಡುವ ಕೆಲಸ ನನ್ನದಾಗಿತ್ತು. ಹಿಂದಿನ ದಿನವೇ ಫೋನಿನಲ್ಲಿ ಹೇಳಿಕೊಟ್ಟಿದ್ದಳು: "ಎರಡೇ ಬೆರಳಲ್ಲಿ ಇಡ್ಕೊ. ನನ್ ಕೈ ತಗುಲಿದ್ ತಕ್ಷಣ ಬುಟ್ಬುಡು. ನಾನು ನಿಂತ್ಕೊಳಕ್ಕಾಗಲ್ಲ ಕಣಜ್ಜಿ."

ನನಗೆ ಅರ್ಥವಾಗಿರಲಿಲ್ಲ ಎಂದಲ್ಲ. ಹಾಲು ಬಿಡಿಸಿದಾಗಿನಿಂದ ನಾನೇ ಸಾಕಿದ ಹುಡುಗಿ. ಕ್ರೀಡಾ ಹಾಸ್ಟೆಲ್ ಸೇರಿದ ಮೇಲೆ ಎಂಟು ತಿಂಗಳು ಅವಳ ಮುಖ ನೋಡಿರಲಿಲ್ಲ. ಅವಳ ಕೈ ಬಾಟಲಿಯ ಜೊತೆಗೆ ನನ್ನ ಬೆರಳಿಗೂ ತಗುಲಿತು. ಬೆವರಿ ಬಿಸಿಯಾಗಿತ್ತು. ನನ್ನ ಬೆರಳುಗಳು ತಾವಾಗಿ ಬಿಗಿದುಕೊಂಡವು.

ರೇಸಿನಲ್ಲಿ ಅವಳು ನಾಲ್ಕನೆಯವಳಾದಳು. ಅಲ್ಲಿಂದಲೇ ಹಾಸ್ಟೆಲಿನ ಬಸ್ಸು ಹತ್ತಿ ಫೋನ್ ಮಾಡಿದಳು. "ನಾನೇ ಕೆಡಿಸ್ದೆ ಕಣವ್ವ" ಅಂದೆ. ಅದಕ್ಕೆ ಅವಳು, "ಮುಂದಿನ್ ಸಲ ನೀರ್ ಬೇರೆಯೋರ್ ಕೊಡ್ತಾರೆ. ನೀನು ಸುಮ್ಕೆ ನಿಂತ್ಕೊಂಡ್ ನೋಡು" ಅಂದಳು.

ಅವಳು ಹೇಳಿದ್ದು ಸರಿ. ಮುಂದಿನ ರೇಸಿಗೂ ಅದೇ ಜಾಗದಲ್ಲಿ ಹೋಗಿ ನಿಲ್ಲುತ್ತೇನೆ. ಆದರೆ ಅವಳು ಹಾದುಹೋಗುವವರೆಗೆ ಕೈ ಹಿಂದಕ್ಕೆ ಕಟ್ಟಿಕೊಂಡಿರಬೇಕು.