ನಯವಾಗಿ ಹೋದ ಮರಿಯಾನೆ

ನಮ್ಮ ಸೀಮೆಯಲ್ಲಿ ಆನೆ ಕಾಸು ಹೊಸದೇನಲ್ಲ. ಮೈಸೂರು ದೊರೆಗಳ ಕಾಲದ ತಾಮ್ರದ ಬಿಲ್ಲೆ, ಅದರ ಮೇಲೊಂದು ಆನೆ. ಚಾಮರಾಜನಗರದ ಮನೆಗಳಲ್ಲಿ ಎಲೆಯಡಿಕೆ ಚೀಲದ ತಳದಲ್ಲೋ ವಿಭೂತಿಗಟ್ಟಿ ಇಡುವ ಗೂಡಿನಲ್ಲೋ ಒಂದೆರಡು ಬಿದ್ದಿರುತ್ತಿದ್ದವು. ಹಟ ಮಾಡುವ ಮಕ್ಕಳ ಕೈಗೆ ಕೊಟ್ಟು ಕೂರಿಸುವುದಕ್ಕೆ ಬಿಟ್ಟರೆ ಅವುಗಳಿಂದ ಬೇರೆ ಉಪಯೋಗವಿರಲಿಲ್ಲ. ಆದರೆ ನಯಾ ಪೈಸೆ ಬಂದ ವರ್ಷ ಮರಿಯಾನೆ ಕಾಸಿನ ಸುದ್ದಿ ಹುಟ್ಟಿತು ನೋಡಿ, ಊರಿಗೆ ಊರೇ ಚೀಲ ಕೊಡವತೊಡಗಿತು.

ಸುದ್ದಿಯನ್ನು ಮನೆಗೆ ತಂದವರು ನಮ್ಮಪ್ಪ. ಅರಿಸಿನದ ವ್ಯಾಪಾರಿ, ಸಂತೆಮರಹಳ್ಳಿ ಸಂತೆ ಮುಗಿಸಿ ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. ಆನೆ ಕಾಸುಗಳಲ್ಲಿ ಒಂದು ಬಗೆ ಇದೆಯಂತೆ, ಆನೆಯ ಕಾಲುಗಳ ನಡುವೆ ಮರಿ ನಿಂತಿರುತ್ತದಂತೆ. ಗುಂಡ್ಲುಪೇಟೆಯಲ್ಲಿ ಮೆಣಸಿನ ವ್ಯಾಪಾರದ ಮಲಯಾಳಿ ಮುದುಕರೊಬ್ಬರು ಅದನ್ನು ತಂದುಕೊಟ್ಟವರಿಗೆ ಹೊಸ ಹೊಲಿಗೆ ಮಿಷನ್ನು ಬರುವಷ್ಟು ದುಡ್ಡು ಕೊಡುತ್ತಾರಂತೆ.

"ನೀ ಕಂಡಿದ್ದೀಯೇನ್ಲಾ ಆ ಕಾಸ್ನ?" ಅಜ್ಜಿ ಕೇಳಿದರು.

"ನಾ ಕಂಡಿಲ್ಲ ಕಣವ್ವ. ಹರವೆಯವನೊಬ್ಬ ಹೇಳ್ದ. ಅವನ ಭಾವನಿಗೆ ಹೊಲ ಉಳೋವಾಗ ಸಿಕ್ತಂತೆ."

"ಆ ಭಾವ ಕಂಡವ್ನಾ?"

"ಸಿಕ್ಕಿದ್ಮೇಲೆ ಕಾಣ್ದೆ ಇರ್ತಾನಾ? ಆದ್ರೆ ಕಾಸು ಈಗ ಅವನತ್ರ ಇಲ್ವಂತೆ."

ಮುಂದಿನ ಸಂತೆಯ ಹೊತ್ತಿಗೆ ಮರಿ ಎರಡಾಗಿದ್ದವು. ಅದರ ಮುಂದಿನ ಸಂತೆಗೆ ತಾಯಾನೆಯ ಸೊಂಡಿಲಿನಲ್ಲಿ ಕಬ್ಬಿನ ಜಲ್ಲೆಯೂ ಬಂತು.

ಹೊಲಿಗೆ ಮಿಷನ್ನು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಅತ್ತೆಯ ಕೈಯ ಸೂಜಿ ನಿಂತುಹೋಗಿತ್ತು. ಅತ್ತೆ ಎಂದರೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ತೌರಿಗೆ ಬಂದಿದ್ದರು. ಊಟಕ್ಕೆ ಬಟ್ಟೆಗೆ ಅಣ್ಣ ಕೊರತೆ ಮಾಡಿದವರಲ್ಲ. ಆದರೂ ತನ್ನ ಕೈಯ ದುಡಿಮೆ ತನಗಿರಬೇಕು ಎಂಬ ಹಟ ಅತ್ತೆಗೆ. ಕೈಯಲ್ಲೇ ರವಿಕೆ ಹೊಲಿಯುತ್ತಿದ್ದರು; ಒಂದಕ್ಕೆ ಎರಡು ದಿನ ಹಿಡಿಯುತ್ತಿತ್ತು. ಪೇಟೆ ಬೀದಿಯ ದರ್ಜಿ ಮಿಷನ್ನಿನಲ್ಲಿ ಒಂದು ದಿನಕ್ಕೆ ನಾಲ್ಕು ಹೊಲಿದು ಬಿಸಾಕುತ್ತಿದ್ದ. ಅವನ ಅಂಗಡಿ ಮುಂದೆ ಹಾಯುವಾಗಲೆಲ್ಲ ಅತ್ತೆಯ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು.

ಕಬ್ಬಿನ ಜಲ್ಲೆಯ ಸುದ್ದಿ ಬಂದ ಸಂಜೆ ಅತ್ತೆ ತಮ್ಮ ಟ್ರಂಕು ತೆಗೆದು, ಸೀರೆಗಳ ಕೆಳಗಿಂದ ಒಂದು ಆನೆ ಕಾಸು ಎತ್ತಿದರು.

"ಬಾ ಇಲ್ಲಿ, ಅಮ್ಮಿ. ನಿನ್ ಕಣ್ಣು ಚೂಪು. ಕಾಲ್ ಸಂದೀಲಿ ಏನದೆ ನೋಡು."

ನನಗಾಗ ಹದಿನೆಂಟು. ಜಗಲಿಗೆ ಓಡಿ, ಇಳಿಬಿಸಿಲಿಗೆ ಹಿಡಿದು ನೋಡಿದೆ. ಆನೆಯ ಹೊಟ್ಟೆಯ ಕೆಳಗೆ ರಾಗಿ ಕಾಳಿನಷ್ಟು ಏನೋ ಉಬ್ಬಿತ್ತು.

"ಮರಿ! ಅತ್ತೆ, ಮರಿ! ಬಾಲನೂ ಅದೆ!"

ಅಪ್ಪ ಕಾಸು ಕಿತ್ತುಕೊಂಡು ನೋಡಿ, "ಕಿಲುಬು ಕಣೆ ಅದು, ಬುಡು" ಎಂದರು. ಅಜ್ಜಿ ಮುಟ್ಟಿ ನೋಡಿ ಮರಿಯೇ ಇರಬೇಕು ಎಂದರು. ಅಲ್ಲಿಗೆ ನಮ್ಮ ಮನೆಯಲ್ಲಿ ಮರಿ ಪಕ್ಷ, ಕಿಲುಬಿನ ಪಕ್ಷ ಎಂದು ಎರಡಾಯಿತು. ಅತ್ತೆ ಮಾತ್ರ ಯಾವ ಪಕ್ಷಕ್ಕೂ ಸೇರಲಿಲ್ಲ. ಸೋಮವಾರದ ಬಸ್ಸಿಗೆ ಗುಂಡ್ಲುಪೇಟೆಗೆ ಹೋಗುವುದೆಂದು ತೀರ್ಮಾನಿಸಿಬಿಟ್ಟರು.

ಶನಿವಾರ ಸಂಜೆ ಅಪ್ಪ ಜಗಲಿಯಲ್ಲಿ ಕೂತು ಅಕ್ಕಪಕ್ಕದವರಿಗೆ ಪೇಪರು ಓದಿ ಹೇಳುತ್ತಿದ್ದರು: "ಇನ್ಮೇಲೆ ನಯಾ ಪೈಸೆನೇ ನಡೆಯೋದು ಕಣ್ರಪ್ಪ. ಹಳೇದೆಲ್ಲ ಮೆಲ್ಲಗೆ ನಿಂತೋಯ್ತದೆ." ಒಳಗೆ ರೊಟ್ಟಿ ತಟ್ಟುತ್ತಿದ್ದ ಅಜ್ಜಿ ಆ ಮಾತನ್ನು ಕೇಳಿಸಿಕೊಂಡರು. ಹಿಂದಿಯಲ್ಲಿ ನಯಾ ಎಂದರೆ ಹೊಸದು. ಅದು ಅಜ್ಜಿಗೆ ಹೇಗೆ ಗೊತ್ತಾಗಬೇಕು? ಕನ್ನಡದ ಕಿವಿಗೆ ನಯ ಎಂದರೆ ನುಣುಪು.

ಭಾನುವಾರ ಮಧ್ಯಾಹ್ನ ನಾನೂ ಅತ್ತೆಯೂ ದಾರದುಂಡೆ ತರಲು ಪೇಟೆಗೆ ಹೋಗಿ ಬಂದೆವು. ಅಜ್ಜಿ ಹಿತ್ತಲಲ್ಲಿ ಮಸೆಗಲ್ಲಿನ ಮುಂದೆ ಕೂತಿದ್ದರು. ಪಕ್ಕದಲ್ಲಿ ಹುಣಿಸೆಹಣ್ಣು, ಮರಳು, ನೀರು. ಮುಖದಲ್ಲಿ ಬೆವರೂ ಇತ್ತು, ಸಂಭ್ರಮವೂ ಇತ್ತು.

"ನೋಡವ್ವ, ಎಂಗದೆ! ಕೈ ಇಟ್ರೆ ಜಾರ್ತದೆ, ಅಷ್ಟು ನಯ ಮಾಡ್ಬುಟ್ಟಿವ್ನಿ. ಎರಡು ಮಗ್ಗುಲೂ!"

ಅಂಗೈಯಲ್ಲಿ ಕಾಸು ಹೊಸ ತಾಮ್ರದ ಹಾಗೆ ಥಳಥಳಿಸುತ್ತಿತ್ತು.

"ಅವ್ವಾ, ಆನೆ ಎಲ್ಲವ್ವ?" ಅತ್ತೆ ಕೇಳಿದರು.

"ಆನೆ ಇದ್ರೆ ಒರಟಾಯ್ತದಲ್ಲ? ನಯ ಪೈಸೆನೇ ನಡೆಯೋದು ಅಂದ್ನಲ್ಲ ನಿಮ್ಮಣ್ಣ. ಒರಟು ಕಾಸು ತಕ್ಕೊಂಡೋಗಿ, ಆ ಮುದುಕ ಬ್ಯಾಡ ಅಂದ್ಬುಟ್ರೆ ನಿನ್ ಮಿಷನ್ನು ಎಲ್ಲಿಂದ ಬತ್ತದೆ?"

ಹಿತ್ತಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಪ್ಪ ಬಾಯಿಗೆ ಟವೆಲ್ಲು ಒತ್ತಿಕೊಂಡು ಒಳಗೆ ಓಡಿದರು. ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಅತ್ತೆ ನನ್ನ ತೋಳನ್ನು ಬಿಗಿಯಾಗಿ ಹಿಡಿದರು, ನಾನು ಬಾಯಿ ಬಿಡದ ಹಾಗೆ. ಆಮೇಲೆ ಅಜ್ಜಿಯ ಕೆಂಪಾದ ಬೆರಳುಗಳನ್ನು ನೋಡಿ, "ಚೆಂದಾಗಿ ಮಾಡಿದ್ದೀಯ ಕಣವ್ವ" ಎಂದರು. ಒಳಗೆ ಬಂದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಓಗೇ ಓಗನ ಕಣಮ್ಮಿ. ಓಗ್ದಿದ್ರೆ ಅವ್ವ ಯಾಕೆ ಅಂತ ಕೇಳ್ತಾಳೆ."

ಗುಂಡ್ಲುಪೇಟೆಯ ಅಂಗಡಿಯೊಳಗೆ ಕಾಲಿಟ್ಟರೆ ಕರಿಮೆಣಸಿನ ಘಾಟಿಗೆ ಸೀನು ಬರುತ್ತಿತ್ತು. ಮುದುಕರು ಕನ್ನಡಕವನ್ನು ಹಣೆಗೇರಿಸಿ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಎಂತಾ ಚೇಚಿ, ಏನಕ್ಕ? ಕೋಟಿನ ಗುಂಡಿಯಾ?"

"ಮೊನ್ನೆಗಂಟ ಆನೆ ಇತ್ತು, ಸ್ವಾಮಿ" ಎಂದು ಅತ್ತೆ ನಡೆದದ್ದನ್ನು ನಡೆದ ಹಾಗೇ ಹೇಳಿದರು. ನಯ ಪೈಸೆಯ ಕಥೆ ಕೇಳಿ ಅವರು ಎಷ್ಟು ನಕ್ಕರೆಂದರೆ ಕನ್ನಡಕ ಜಾರಿ ಮೆಣಸಿನ ಮೂಟೆಗೆ ಬಿತ್ತು. ನಗು ನಿಂತ ಮೇಲೆ ಒಂದು ದಪ್ಪ ಪುಸ್ತಕ ತೆಗೆದರು. ಪುಟಪುಟಕ್ಕೂ ಕಾಸಿನ ಮೇಲೆ ಕಾಗದ ಇಟ್ಟು ಪೆನ್ಸಿಲು ಉಜ್ಜಿ ತೆಗೆದ ಅಚ್ಚುಗಳು. ಕೆಳಗೆ ಕಂಡವರ ಹೆಸರು. ಒಂದು ಪುಟ ಮಾತ್ರ ಖಾಲಿ.

"ಇದು ಮರಿಯಾನೆ ಪುಟ. ಮೂವತ್ತು ವರ್ಷ ಆಯ್ತು. ಎಲ್ಲರೂ ಇನ್ನೊಬ್ಬರು ಕಂಡರು ಅಂತಾರೆ. ನಾನು ಕಂಡೆ ಅನ್ನೋರು ಒಬ್ಬರೂ ಇಲ್ಲ. ಕೋಳಿಕ್ಕೋಡಿನಲ್ಲಿ ನನ್ನ ಗೆಳೆಯ, ಅಂಥ ಕಾಸೇ ಇಲ್ಲ ಅಂತ ನಗ್ತಾನೆ." ಅವರ ದನಿ ಇಳಿಯಿತು. "ಚೇಚಿ, ನೀವಿಬ್ಬರೂ ಮಾದಪ್ಪನ ಮೇಲೆ ಆಣೆ ಇಟ್ಟು, ಮರಿ ಕಂಡೆವು ಅನ್ನಿ. ಈ ಪುಟ ತುಂಬೋಕೆ ಎರಡು ಸಾಕ್ಷಿ ಸಾಕು. ಈ ಬಿಲ್ಲೆಗೇ ಪೂರ್ತಿ ದುಡ್ಡು ಕೊಡ್ತೇನೆ."

"ನಾ ಕಂಡೆ! ಮಾದಪ್ಪನಾಣೆಗೂ ಕಂಡೆ, ಬಾಲನೂ ಇತ್ತು" ಎಂದುಬಿಟ್ಟೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಮುದುಕರು ನನ್ನ ಹೆಸರು ಬರೆದುಕೊಂಡು ಅತ್ತೆಯ ಕಡೆ ತಿರುಗಿದರು.

ಎದುರು ಸಾಲಿನಲ್ಲಿ ಯಾರದೋ ಮಿಷನ್ನು ಕಟಕಟ ಓಡುತ್ತಿತ್ತು. ಅತ್ತೆ ಅದನ್ನೇ ಕೇಳುತ್ತ ನಿಂತರು. ನಾನು ಅವರ ಸೆರಗು ಜಗ್ಗಿದೆ. ಒಂದು ಮಾತು, ಒಂದೇ ಮಾತು ಬೇಕಿತ್ತು.

"ನಾ ಕಂಡಿದ್ದು ಒಂದು ಗುಬುಟು, ಸ್ವಾಮಿ" ಎಂದರು ಅತ್ತೆ. "ಮರಿ ಆಗಿರ್ಲಿ ಅಂತ ಆಸೆ ಪಟ್ಟೆ. ನನ್ ಆಸೆಗೆ ಮಾದಪ್ಪನ್ನ ಎಳೆಯಕ್ಕಾಗಲ್ಲ."

ಮುದುಕರು ಪುಸ್ತಕ ಮುಚ್ಚಿದರು. ಸಿಟ್ಟು ಮಾಡಲಿಲ್ಲ. ನಮ್ಮಿಬ್ಬರಿಗೂ ಚಹಾ ತರಿಸಿಕೊಟ್ಟು, ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ವಾಪಸು ಕೊಟ್ಟರು.

ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಅತ್ತೆಗೆ ಇದ್ದಕ್ಕಿದ್ದ ಹಾಗೆ ನಗು ಬಂತು. "ಕೋಟಿನ ಗುಂಡಿಯಂತೆ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದಲ್ಲಿದ್ದ ಹೂವಿನ ಬುಟ್ಟಿಯ ಹೆಂಗಸು ಏನೆಂದು ಕೇಳಿದಳು. ಅತ್ತೆ ಎಲ್ಲವನ್ನೂ ಹೇಳಿದರು. ತೆರಕಣಾಂಬಿಯಲ್ಲಿ ಆಕೆ ಇಳಿದುಹೋದಳು.

ಮುಂದಿನ ಸಂತೆಯಿಂದ ಅಪ್ಪ ತಂದ ಸುದ್ದಿ ಕೇಳಿ ನಾವು ಬೆರಗಾದೆವು. ಚಾಮರಾಜನಗರದ ಒಬ್ಬಾಕೆಯ ಹತ್ತಿರ ಮರಿಯಾನೆ ಕಾಸು ಇದೆಯಂತೆ, ಗುಂಡ್ಲುಪೇಟೆ ಸಾಹುಕಾರರು ದುಡ್ಡು ಸುರಿದರೂ ಆಕೆ ಕೊಡಲಿಲ್ಲವಂತೆ! ಹೆಂಗಸರು ಹುಡುಕಿಕೊಂಡು ಬರತೊಡಗಿದರು.

"ಕಾಸು ತೋರ್ಸಕ್ಕ."

ಅತ್ತೆ ನುಣುಪು ಬಿಲ್ಲೆ ತೋರಿಸುತ್ತಿದ್ದರು.

"ಇದಲ್ಲ ಬುಡಕ್ಕ, ಒಳಗೆ ಮಡಗಿರೋದ ತಗಿ."

"ಮಡಗಿಲ್ಲ ಕಣವ್ವ, ಇದೇಯ."

ಯಾರೂ ನಂಬಲಿಲ್ಲ. ಇವತ್ತಲ್ಲ ನಾಳೆ ತೋರಿಸಿಯಾಳೆಂದು ಕೂತೇ ಇರುತ್ತಿದ್ದರು. ಕೂತವರು ಅತ್ತೆಯ ಮಡಿಲಿನ ರವಿಕೆಯನ್ನು ಎತ್ತಿ, ಹೊಲಿಗೆ ತಿರುವಿ ನೋಡುತ್ತಿದ್ದರು. ಮತ್ತೆ ಬರುವಾಗ ಕಂಕುಳಲ್ಲಿ ಬಟ್ಟೆ ಇರುತ್ತಿತ್ತು. ಅಜ್ಜಿಯೂ ಕಾಜ ಹೊಲಿಯಲು ಕೂತರು, ನಾನೂ ಕೂತೆ.

ಮಿಷನ್ನಿಗೆ ಬೇಕಾದ ದುಡ್ಡು ಕೂಡಲು ಎರಡು ವರ್ಷ ಹಿಡಿಯಿತು. ಮೈಸೂರಿನಿಂದ ರೈಲಿನಲ್ಲಿ ಬಂದ ಮಿಷನ್ನನ್ನು ಸ್ಟೇಷನ್ನಿನಿಂದ ಗಾಡಿಯಲ್ಲಿ ತಂದು ನಡುಮನೆಯಲ್ಲಿ ಇಳಿಸಿದಾಗ ಅರ್ಧ ಬೀದಿ ನಮ್ಮ ಮನೆಯೊಳಗಿತ್ತು. ಅತ್ತೆ ಕಾಲಿಟ್ಟು ತುಳಿದರು, ದಾರ ಕಿತ್ತುಹೋಯಿತು. ಇನ್ನೊಮ್ಮೆ ಪೋಣಿಸಿದರು, ಮತ್ತೆ ಕಿತ್ತಿತು. ಮೂರನೆಯ ಸಲ ಅದು ಓಡತೊಡಗಿತು. ಬಟ್ಟೆ ಮುಗಿದುಹೋದರೂ ಅತ್ತೆ ತುಳಿಯುತ್ತಲೇ ಇದ್ದರು.