ಕಾವಿಗೆ ಕೂತ ಹೇಂಟೆ

ಸಿ.ವಿ. ರಾಮನ್ ನಗರದಲ್ಲಿ ನಾವು ಗಂಡ ಹೆಂಡತಿ ಇದ್ದದ್ದು ಒಂದು ಮನೆಯ ತಾರಸಿ ಮೇಲಿನ ಶೀಟಿನ ಕೋಣೆಯಲ್ಲಿ. ಕೆಳಗೆ ಓನರಮ್ಮನ ಮನೆ, ಅದರ ಕಸ ಮುಸುರೆ ನನ್ನದು. ನಮ್ಮ ಕೋಣೆಯ ಪಕ್ಕದಲ್ಲೇ ಅವರ ಕೋಳಿಗೂಡು. ಅದರಲ್ಲಿ ಬಿಳಿ ಫಾರಂ ತಳಿಯ ಕೋಳಿಗಳು, ಜೊತೆಗೆ ನಾನು ಯಾದಗಿರಿಯಿಂದ ಬುಟ್ಟಿಯಲ್ಲಿ ತಂದ ಒಂದು ಜವಾರಿ ಹೇಂಟೆ. ಬಿಳಿಯವು ಮೊಟ್ಟೆ ಇಟ್ಟು ಎದ್ದು ಹೋದರೆ ಮುಗಿಯಿತು, ತಿರುಗಿ ನೋಡುತ್ತಿರಲಿಲ್ಲ. ಓನರಮ್ಮನಿಗೆ ಅವುಗಳ ಮೇಲೆ ಬಲು ಪ್ರೀತಿ.

ಯುಗಾದಿ ಕಳೆದು ಬಿಸಿಲೇರಿತು. ಬಿಳಿ ಕೋಳಿಗಳು ಕೊಕ್ಕು ತೆರೆದು ಏದುಸಿರು ಬಿಟ್ಟವು, ಕಾಳು ಬಿಟ್ಟು ನೀರೇ ಕುಡಿದವು. ಮೊಟ್ಟೆ ಚಿಕ್ಕದಾಯಿತು, ಸಿಪ್ಪೆ ತೆಳುವಾಯಿತು, ಕೊನೆಗೆ ಇಡುವುದೇ ಅಪರೂಪವಾಯಿತು. ಓನರಮ್ಮ ಗೂಡಿಗೆ ಹಸಿರು ಬಲೆ ಕಟ್ಟಿಸಿ, ಫ್ಯಾನ್ ಹಾಕಿಸಿದರು. ನಾನಾಗ ದಿನ ತುಂಬಿದ ಬಸುರಿ. ಅದೇ ಬಿಸಿಲು, ಅದೇ ತಾರಸಿ. ನಮ್ಮ ಶೀಟಿಗೆ ಒಂದು ಹರಕು ಗೋಣಿಯೂ ಬರಲಿಲ್ಲ. ಕೋಳಿಯಾಗಿ ಹುಟ್ಟುವುದಕ್ಕೂ ಪುಣ್ಯ ಬೇಕು. ಆಗ ಹೊಟ್ಟೆ ಉರಿದಿತ್ತು, ಈಗಲೂ ಉರಿಯುತ್ತದೆ.

ನನ್ನ ಹೇಂಟೆ ಮಾತ್ರ ಆ ಬಿಸಿಲಲ್ಲೂ ಇಟ್ಟಿತು. ಆದರೆ ಜವಾರಿ ತಳಿ ಒಂದಷ್ಟು ಮೊಟ್ಟೆ ಇಟ್ಟ ಮೇಲೆ ಕಾವಿಗೆ ಕೂರಲೇಬೇಕು. ಮೊಟ್ಟೆಗಳನ್ನೆಲ್ಲ ಓನರಮ್ಮ ಎತ್ತಿಕೊಂಡಿದ್ದರೂ ಅದು ಬರೀ ಬುಟ್ಟಿಯಲ್ಲಿ ಗರಿ ಕೆದರಿ ಕೂತಿತು.

"ತಿಂದ್ಕೊಂಡು ಸುಮ್ನೆ ಕೂತಿದೆಯಲ್ಲೇ! ತಣ್ಣೀರಲ್ಲಿ ಅದ್ದು, ಕಾವು ಬಿಡುತ್ತೆ. ಮತ್ತೆ ಮೊಟ್ಟೆ ಇಡುತ್ತೆ" ಎಂದರು ಓನರಮ್ಮ.

"ಕೂಡ್ಲಿ ಬಿಡ್ರಿ ಅಕ್ಕೋರ, ಮರಿ ಮಾಡ್ತದ" ಎಂದೆ.

"ಮರಿ ಯಾರಿಗೆ ಬೇಕು?"

ಬಕೆಟ್ಟಿನಲ್ಲಿ ಅದ್ದಿದೆ. ಹೇಂಟೆ ನಡುಗುತ್ತಾ ಮತ್ತೆ ಬುಟ್ಟಿಗೇ ಹೋಯಿತು. ಮರುದಿನವೂ ಅದ್ದಿದೆ. ಮತ್ತೆ ಅಲ್ಲಿಗೇ ಹೋಯಿತು.

ಅಷ್ಟರಲ್ಲಿ ನನ್ನ ಹೆರಿಗೆಯಾಯಿತು. ಮಗುವಿಗೆ ಇನ್ನೂ ತೊಟ್ಟಿಲ ಶಾಸ್ತ್ರವೂ ಆಗಿರಲಿಲ್ಲ, ಓನರಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತರು. "ಎಷ್ಟು ದಿನ ಅಂತ ಹಿಂಗೇ ಕೂತಿರ್ತೀಯ? ನಾಳೆಯಿಂದ ಬಾ. ಆಗಲ್ಲ ಅಂದ್ರೆ ರೂಮ್ ಖಾಲಿ ಮಾಡಿ." ಗಂಡನ ಮುಖ ನೋಡಿದೆ. "ನೋಡೂಣು" ಎಂದ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಮರುದಿನ ಅವನು ಕೆಲಸಕ್ಕೆ ಹೋದ. ನಾನು ಮಗುವನ್ನು ಶೀಟಿನಡಿ ಮಲಗಿಸಿ ಕೆಳಗಿಳಿದೆ. ಮುಸುರೆ ತಿಕ್ಕುವಾಗ ಮೇಲೆ ಮಗು ಅಳುವುದು ಕೇಳಿಸುತ್ತಿತ್ತು, ಹಾಲು ಸೋರಿ ರವಿಕೆ ತೊಯ್ದಿತ್ತು. ಮುಗಿಸಿ ಮೇಲೆ ಬಂದರೆ ಕೋಳಿಗಳ ಫ್ಯಾನ್ ತಿರುಗುತ್ತಿತ್ತು. ಹೇಂಟೆ ಬರೀ ಬುಟ್ಟಿಯಲ್ಲಿ ಕೂತೇ ಇತ್ತು. ಮುಟ್ಟಲು ಹೋದರೆ ಕೈ ಕುಕ್ಕಿತು.

ಎರಡು ಸಲ ನೀರಿಗೆ ಅದ್ದಿದರೂ ಅದು ಎದ್ದಿರಲಿಲ್ಲ. ನಾನು ಒಂದು ಮಾತಿಗೆ ಎದ್ದು ಹೋಗಿದ್ದೆ.