ಕಾರಿನ ಕೀ ಭಾವನ ಕೈಗೆ ಹೋಯಿತು

ಕಾರು ಕೊಳ್ಳುವ ಯೋಚನೆ ನನಗೆ ಬಂದದ್ದು ಅಮ್ಮನ ಮಂಡಿನೋವಿನಿಂದ. ನಾನು ಮಧುಗಿರಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮದುವೆಯಾಗಲಿಲ್ಲ, ಅದಕ್ಕೆ ದೊಡ್ಡ ಕಾರಣವೇನಿಲ್ಲ, ಆಗಲಿಲ್ಲ ಅಷ್ಟೆ. ಅಮ್ಮ ನನ್ನ ಜೊತೆಗೇ ಇದ್ದಾಳೆ. ನಮ್ಮ ಮೂಲ ಪಾವಗಡದ ಕಡೆ. ಅಕ್ಕನನ್ನು ಕೊಟ್ಟಿರುವುದು ಕ್ಯಾತಗಾನಚೆರ್ಲುವಿಗೆ. ಅಮ್ಮನಿಗೆ ಅಲ್ಲಿಗೆ ಹೋಗಿ ಬರುತ್ತಿರಬೇಕು, ಆದರೆ ಬಸ್ಸಿನ ಮೆಟ್ಟಿಲು ಎಷ್ಟು ಎತ್ತರವೆಂಬುದು ಮಂಡಿ ಸವೆದವರಿಗೇ ಗೊತ್ತು. ಒಂದು ಸಲ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅವಳು ಒಂದು ಕಾಲನ್ನು ಮೇಲಿಟ್ಟು, ಇನ್ನೊಂದನ್ನು ಎತ್ತಲಾಗದೆ ಕಂಬಿ ಹಿಡಿದು ನಿಂತುಬಿಟ್ಟಳು. ಹಿಂದಿದ್ದವರು "ಹತ್ತಮ್ಮ, ಹತ್ತು" ಎಂದು ಬೆನ್ನಿಗೆ ಕೈಕೊಟ್ಟು ನೂಕಿದರು. ಅಮ್ಮ ಹತ್ತಲಿಲ್ಲ. ಕಾಲು ಕೆಳಗಿಳಿಸಿ, ಸೆರಗು ಸರಿಮಾಡಿಕೊಂಡು, "ಈ ಬಸ್ಸಿನ ಸಾವಾಸ ಸಾಕು ಕಣಮ್ಮ, ಬುಟ್ಬುಡು, ಮನೇಗ್ ಹೋಗಾನ" ಎಂದಳು.

ಅದೇ ವಾರ ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ನಲವತ್ತು ದಾಟಿದವಳು ಇಪ್ಪತ್ತರ ಹುಡುಗರ ಜೊತೆ ಸರದಿಯಲ್ಲಿ ನಿಂತು ಕಲಿತೆ. ನನ್ನದೇ ಪಾಠ ಕೇಳಿದ್ದ ಒಬ್ಬ ಹುಡುಗ ಮುಂದಿನ ಸೀಟಿನಲ್ಲಿ ಕುಳಿತಿದ್ದಾಗ, ನಾನು ಹಿಂದೆ ಕುಳಿತು ಅವನ ಗೇರು ಬದಲಾವಣೆ ನೋಡುತ್ತಿದ್ದೆ. ಲೈಸೆನ್ಸು ಬಂತು. ಬ್ಯಾಂಕಿನವರೂ ನನ್ನ ಸಂಬಳ ನೋಡಿ ಸಾಲಕ್ಕೆ ಹೂಂ ಅಂದರು. ಇನ್ನು ಕಾರು ನೋಡುವುದೊಂದೇ ಬಾಕಿ ಉಳಿಯಿತು.

ಒಂದು ಭಾನುವಾರ ಬೆಳಿಗ್ಗೆ ಬಾಡಿಗೆ ಆಟೋದಲ್ಲಿ ಶಿರಾಕ್ಕೆ ಹೋದೆವು. ಹೆದ್ದಾರಿಯ ಪಕ್ಕದಲ್ಲಿ ಹೊಸದಾಗಿ ಒಂದು ಕಾರ್ ಶೋರೂಮ್ ತೆರೆದಿತ್ತು. ಅಕ್ಕನ ಗಂಡ, ಅಂದರೆ ಭಾವ, ಹಿಂದಿನ ದಿನ ಯಾವುದೋ ಕೆಲಸಕ್ಕೆ ಬಂದವರು ನಮ್ಮ ಮನೆಯಲ್ಲೇ ಉಳಿದಿದ್ದರು. ಅವರು ತಮ್ಮೂರಿನ ಕಡೆಯ ಸೋಲಾರ್ ವಿದ್ಯುತ್ ಪಾರ್ಕಿನಲ್ಲಿ ಕಾವಲು ಕೆಲಸ ಮಾಡುತ್ತಾರೆ. ಅವರಿಗೆ ಓಡಿಸಲು ಬರುವುದು ಒಂದು ಹಳೇ ಮೊಪೆಡ್ ಮಾತ್ರ. "ನಾನೂ ಬತ್ತೀನಿ, ಅತ್ತೇನ ಹಿಡ್ಕಳ್ಳಕ್ಕೆ ಒಂದ್ ಕೈ ಆಗ್ತೈತೆ" ಎಂದು ಜೊತೆಗೆ ಹೊರಟರು.

ಗಾಜಿನ ಬಾಗಿಲು ತೆಗೆದು ಒಳಗೆ ಕಾಲಿಟ್ಟ ಕೂಡಲೇ, ಟೈ ಕಟ್ಟಿದ್ದ ಸೇಲ್ಸ್‌ಮನ್ ಒಬ್ಬ ನಗುತ್ತಾ ಬಂದ. ನನ್ನನ್ನು ದಾಟಿಕೊಂಡು ಹೋಗಿ ಭಾವನ ಕೈಕುಲುಕಿದ.

"ಬನ್ನಿ ಸರ್, ಬನ್ನಿ. ಯಾವ ಗಾಡಿ ನೋಡ್ತೀರ?"

"ನಾನಲ್ಲಪ್ಪ, ಅವ್ರು ನೋಡ್ಬೇಕು" ಎಂದು ಭಾವ ನನ್ನ ಕಡೆ ಕೈ ತೋರಿಸಿದರು.

"ಓ, ಮೇಡಂಗಾ? ಗುಡ್ ಸರ್" ಎಂದವನು ಮತ್ತೆ ಅವರ ಕಡೆಗೇ ತಿರುಗಿದ. "ಬಜೆಟ್ ಎಷ್ಟರಲ್ಲಿ ಇಟ್ಕೊಂಡಿದೀರ ಸರ್?"

ನಾನು ಹೇಳಿದೆ. ಅವನು ಅದನ್ನು ಕೇಳಿಸಿಕೊಂಡ, ಆದರೆ ಕಣ್ಣು ಭಾವನ ಮೇಲೆಯೇ ಇತ್ತು. ಸಾಲ ಯಾರ ಹೆಸರಿನಲ್ಲಿ, ಮೈಲೇಜ್ ಮುಖ್ಯವೋ ಬಣ್ಣ ಮುಖ್ಯವೋ, ಎಲ್ಲ ಪ್ರಶ್ನೆಯೂ ಅವರಿಗೇ. ಅವರು ಪ್ರತಿ ಸಲವೂ ನನ್ನ ಮುಖ ನೋಡುವುದು, ನಾನು ಉತ್ತರ ಹೇಳುವುದು, ಅವನು "ಓಕೆ ಸರ್" ಎನ್ನುವುದು. ಹೀಗೆ ಸ್ವಲ್ಪ ಹೊತ್ತು ನಡೆಯಿತು. ನನಗೆ ಕಿವಿ ಬಿಸಿಯಾಗತೊಡಗಿತು.

ಅವನು ನಮ್ಮನ್ನು ಒಂದು ಪುಟ್ಟ ಕೆಂಪು ಕಾರಿನ ಬಳಿ ನಿಲ್ಲಿಸಿದ. "ಲೇಡೀಸ್‌ಗೆ ಇದು ಬೆಸ್ಟು. ಪಾರ್ಕಿಂಗ್ ಈಜಿ, ಕಲರ್ರೂ ಕ್ಯೂಟಾಗಿದೆ."

ಅಮ್ಮ ಬಾಗಿಲು ತೆಗೆಸಿ ಒಳಗೆ ಕುಳಿತಳು. ಕುಳಿತದ್ದೇನೋ ಸರಿ, ಸೀಟು ತೀರಾ ತಗ್ಗಿನಲ್ಲಿತ್ತು, ಏಳಲು ಆಗಲಿಲ್ಲ. ನಾನೊಂದು ಕಡೆ, ಭಾವ ಒಂದು ಕಡೆ ಹಿಡಿದು ಎತ್ತಿದೆವು.

"ಅಭ್ಯಾಸ ಆಗುತ್ತೆ ಅಜ್ಜಿ" ಎಂದು ಅವನು ನಕ್ಕ.

"ನಂಗ್ ಆಗ್ಬೋದು ಕಣಪ್ಪ, ಮಂಡಿಗ್ ಆಗಲ್ಲ" ಎಂದಳು ಅಮ್ಮ. ಆಚೆ ನಿಲ್ಲಿಸಿದ್ದ ಎತ್ತರದ ಬಿಳಿ ಗಾಡಿಯೊಂದನ್ನು ತೋರಿಸಿ, "ಅದ್ರಾಗೆ ಕುಂತು ನೋಡ್ತೀನಿ" ಎಂದಳು.

"ಅಜ್ಜಿ, ಅದು ದೊಡ್ಡದಾಯ್ತು. ಎಲ್ಲಾದ್ರಲ್ಲೂ ಹತ್ತಿ ಇಳೀತಿದ್ರೆ ಸೀಟ್ ಗಲೀಜಾಗುತ್ತೆ. ಡೆಲಿವರಿ ಆದ್ಮೇಲೆ ಆರಾಮಾಗಿ ಕೂತ್ಕೊಳ್ಳಿ."

"ಕುಂತ್ಕಳ್ಳಕ್ಕೇ ಕಣಪ್ಪ ನಾನ್ ಬಂದಿರೋದು" ಎನ್ನುತ್ತಾ ಅಮ್ಮ ತಾನೇ ನಡೆದುಕೊಂಡು ಹೋಗಿ ಅದರ ಬಾಗಿಲು ತೆಗೆದಳು. ಸೀಟು ಸರಿಯಾಗಿ ಅವಳ ಸೊಂಟದ ಮಟ್ಟಕ್ಕಿತ್ತು. ಪಕ್ಕಕ್ಕೆ ತಿರುಗಿ ಕುಳಿತು, ಕಾಲೆರಡನ್ನೂ ಒಳಗೆ ತೆಗೆದುಕೊಂಡಳು. ಮತ್ತೆ ಹೊರಗಿಟ್ಟು ಯಾರ ಕೈಯನ್ನೂ ಹಿಡಿಯದೆ ಎದ್ದಳು. ಇನ್ನೊಮ್ಮೆ ಹಾಗೇ ಮಾಡಿದಳು. ಅವಳ ಮುಖ ನೋಡಿ ನನಗೆ ಆ ಗಾಡಿಯೇ ಸಾಕೆನಿಸಿತು.

"ಇದನ್ನ ಓಡಿಸಿ ನೋಡ್ಬೇಕು" ಎಂದೆ.

ಸೇಲ್ಸ್‌ಮನ್ ಹಿಂಜರಿದ. "ಮೇಡಂ, ಇದು ಹೆವಿ. ಒಂಥರಾ ಗಂಡಸರ ಗಾಡಿ." ಆಮೇಲೆ ಒಳಗೆ ಹೋಗಿ ಕೀ ತಂದ. ತಂದವನು ನೇರವಾಗಿ ಭಾವನ ಕೈಯಲ್ಲಿಟ್ಟು, "ಒಂದ್ ರೌಂಡ್ ಹೋಗ್ಬನ್ನಿ ಸರ್, ಮೇಡಂ ಪಕ್ಕದಲ್ಲಿ ಕೂರ್ಲಿ" ಎಂದ.

ಭಾವ ಆ ಕೀಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನನಗೆ ಕೊಟ್ಟು, ಅವರ ಕಡೆಯ ತೆಲುಗು ಬೆರೆಸಿ, "ನುವ್ವೇ ನಡುಪಮ್ಮಾ, ನೀನೇ ಓಡಿಸು, ನಂಗೆಲ್ಲಿ ಬರುತ್ತೆ ಇದೆಲ್ಲ" ಎಂದರು.

"ಬೇಡ ಮೇಡಂ, ಎದುರಿಗೇ ಹೈವೇ ಇದೆ" ಎಂದು ಅವನು ಕೀಗೆ ಕೈಚಾಚಿದ. "ನಾನೇ ಓಡಿಸ್ತೀನಿ, ನೀವು ಫೀಲ್ ನೋಡಿ. ಲೈಸೆನ್ಸ್ ಇದೆಯಾ ನಿಮ್ ಹತ್ರ?"

ನಾನು ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಬ್ಯಾಗಿನಿಂದ ಲೈಸೆನ್ಸು ತೆಗೆದು ತೋರಿಸಿದೆ. ಅವನು ಅದನ್ನು ಎರಡೂ ಕಡೆ ತಿರುಗಿಸಿ ನೋಡಿದ.

"ಇವರಿಗೆ ಕೀ ಕೊಟ್ರಲ್ಲ, ಇವರ ಲೈಸೆನ್ಸ್ ಯಾಕೆ ಕೇಳ್ಲಿಲ್ಲ? ಇವರ ಹತ್ರ ಇಲ್ಲ. ಇವರು ಕಾರು ಓಡಿಸಿದವರೇ ಅಲ್ಲ" ಎಂದು ಭಾವನ ಕಡೆ ತೋರಿಸಿದೆ.

ನನ್ನ ಧ್ವನಿ ಏರಿತ್ತು. ಆಚೆ ಮೇಜಿನ ಬಳಿ ಕಾರು ನೋಡುತ್ತಿದ್ದ ಒಂದು ಸಂಸಾರ ತಿರುಗಿ ನಮ್ಮನ್ನೇ ನೋಡಿತು. ಮ್ಯಾನೇಜರು ಗಾಜಿನ ಕೋಣೆಯಿಂದ ಹೊರಬಂದು, "ಏನಾಯ್ತು ಸರ್?" ಎಂದು ಕೇಳಿದರು. ಅವರು ಕೇಳಿದ್ದೂ ಭಾವನನ್ನೇ.

"ಆಗಿರೋದು ನನಗೆ, ನನ್ನ ಕೇಳಿ" ಎಂದೆ. "ಕಾರು ತಗೊಳ್ಳೋಳು ನಾನು, ಸಾಲ ತೀರಿಸೋಳು ನಾನು, ಓಡಿಸೋಳೂ ನಾನು. ಓಡಿಸದೆ ತಗೊಳ್ಳಲ್ಲ. ಆಗಲ್ಲ ಅಂದ್ರೆ ಹೇಳಿ, ತುಮಕೂರಿಗೆ ಹೋಗ್ತೀನಿ."

ಮ್ಯಾನೇಜರು ಸೇಲ್ಸ್‌ಮನ್ನಿಗೆ ಕಣ್ಣಲ್ಲೇ ಏನೋ ಹೇಳಿದರು. ಅವನು ಹಿಂದಿನ ಸೀಟಿನಲ್ಲಿ ಭಾವನ ಪಕ್ಕ ಹೋಗಿ ಕುಳಿತ. ಅಮ್ಮ ಮುಂದೆ ನನ್ನ ಪಕ್ಕ. ಶೋರೂಮಿನಿಂದ ರಸ್ತೆಗೆ ಇಳಿಯುವ ಜಾಗದಲ್ಲಿ ಒಂದು ಸಣ್ಣ ಉಬ್ಬಿತ್ತು. ಅಲ್ಲೇ ಕ್ಲಚ್ಚು ಬೇಗ ಬಿಟ್ಟೆ. ಗಾಡಿ ಜಗ್ಗಿ ಆಫ್ ಆಯಿತು.

"ನಾನ್ ಹೇಳಿದ್ನಲ್ಲ ಮೇಡಂ, ಹೆವಿ ಅಂತ" ಎಂದ ಹಿಂದಿನಿಂದ. ಅವನ ಧ್ವನಿಯಲ್ಲಿ ಸಂತೋಷವೇ ಇತ್ತು.

ಅಮ್ಮ ರಸ್ತೆಯನ್ನೇ ನೋಡುತ್ತಾ, "ಆಫ್ ಆದ್ರೆ ಮತ್ತೆ ಆನ್ ಮಾಡ್ಕ, ಅದ್ಕೇನಂತೆ" ಎಂದಳು. ಮತ್ತೆ ಸ್ಟಾರ್ಟ್ ಮಾಡಿದೆ. ಸರ್ವೀಸ್ ರಸ್ತೆ ದಾಟಿ, ಊರೊಳಗೆ ನುಸುಳಿ, ಬಡವನಹಳ್ಳಿ ಕಡೆಯ ರಸ್ತೆಗೆ ಹೋದೆ. ಒಂದು ಏರಿನಲ್ಲಿ ದೊಡ್ಡ ಕುರಿಮಂದೆ ಅಡ್ಡ ಬಂತು. ನಿಲ್ಲಿಸಿದೆ. ಹಿಂದೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. "ಹ್ಯಾಂಡ್ ಬ್ರೇಕ್, ಹ್ಯಾಂಡ್ ಬ್ರೇಕ್" ಎಂದು ಸೇಲ್ಸ್‌ಮನ್ ನನ್ನ ಸೀಟು ಹಿಡಿದುಕೊಂಡ. ನಾನು ಅದನ್ನು ಆಗಲೇ ಎಳೆದಿದ್ದೆ. ಕುರಿಗಳು ದಾಟಿದವು. ಗಾಡಿ ಒಂದಿಷ್ಟೂ ಹಿಂದಕ್ಕೆ ಜಾರದೆ ಏರು ಹತ್ತಿತು. ಅವನು ನನ್ನ ಸೀಟು ಬಿಟ್ಟು ಹಿಂದಕ್ಕೆ ಒರಗಿದ.

ಆ ಬಿಳಿ ಗಾಡಿಯನ್ನೇ ಗೊತ್ತು ಮಾಡಿದೆ. ಅವನು ಹಾಗೆ ನಡೆದುಕೊಂಡ ಮೇಲೂ ಅಲ್ಲೇ ಯಾಕೆ ಕೊಂಡೆ ಎಂದು ಸ್ಕೂಲಿನಲ್ಲಿ ಗೆಳತಿಯರು ಕೇಳಿದರು. ಬಿಟ್ಟು ಬಂದಿದ್ದರೆ ಅವನ ಮಾತೇ ನಿಜವಾಯಿತೆಂದು ಅವನು ಅಂದುಕೊಳ್ಳುತ್ತಿದ್ದ. ಅದು ನನಗೆ ಬೇಕಿರಲಿಲ್ಲ.

ಡೆಲಿವರಿ ದಿನ ಭಾವನೂ ಜೊತೆಗೆ ಬಂದಿದ್ದರು. ಅವತ್ತು ಇನ್ನೊಂದು ರಗಳೆ ಶುರುವಾಯಿತು. ಗಾಡಿಗೆ ಹೂವಿನ ಹಾರ ಹಾಕಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಿದ್ದರು. ಪೂಜಾರಿಯೊಬ್ಬರು ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು. ನಾವು ಬೌದ್ಧರು, ಅಪ್ಪ ಬದುಕಿದ್ದಾಗಲೇ ಅಪ್ಪ ಅಮ್ಮ ಇಬ್ಬರೂ ದೀಕ್ಷೆ ತೆಗೆದುಕೊಂಡಿದ್ದರು. ಇದೆಲ್ಲ ಬೇಡವೆಂದು ಮೆಲ್ಲಗೆ ಹೇಳಿದೆ.

"ನಿಂಬೆಹಣ್ಣಿನ್ ಮೇಲೆ ಹತ್ತಿಸ್ದೆ ಗಾಡಿ ಆಚೆ ಹೋದ್ರೆ ಒಳ್ಳೇದಲ್ಲ ಮೇಡಂ" ಎಂದ ಸೇಲ್ಸ್‌ಮನ್. ಆಮೇಲೆ ದನಿ ತಗ್ಗಿಸಿ ಭಾವನನ್ನು ಕೇಳಿದ. "ಯಾವ ಜನ ಸರ್ ನೀವು?"

ಆ ಪ್ರಶ್ನೆ ನಾನು ಬಾಲ್ಯದಿಂದ ಕೇಳಿದ್ದೇನೆ. ಬಾಡಿಗೆ ಮನೆಯ ಬಾಗಿಲಲ್ಲಿ, ಮದುವೆ ಊಟದ ಸಾಲಿನಲ್ಲಿ, ಸ್ಟಾಫ್ ರೂಮಿನಲ್ಲಿ ಕೂಡ. ಅದಕ್ಕೆ ತಲೆ ತಗ್ಗಿಸುವ ಅಭ್ಯಾಸ ನನಗಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಾವು ಬುದ್ಧನ ಒಕ್ಲು ಕಣಪ್ಪ. ಆ ನಿಂಬೆಹಣ್ಣ ಚಕ್ರಕ್ಕಾಕಿ ಯಾಕೆ ಹಾಳ್ ಮಾಡ್ತೀಯ, ಇಂಗೆ ಕೊಡು. ಮನೇಗ್ ತಗಂಡೋಗಿ ಪಾನಕ ಮಾಡ್ಕಂತೀವಿ."

ಪೂಜಾರಿಗೇ ಮೊದಲು ನಗು ಬಂತು. ಅವರೇ ಬಗ್ಗಿ ನಿಂಬೆಹಣ್ಣುಗಳನ್ನು ಆರಿಸಿ ಅಮ್ಮನ ಸೆರಗಿಗೆ ಹಾಕಿದರು. ಅಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಬುದ್ಧ, ಧಮ್ಮ, ಸಂಘವೆಂಬ ತನ್ನ ಮೂರು ಶರಣಗಳನ್ನು ಹೇಳಿಕೊಂಡಳು. ಆಮೇಲೆ ಫೋಟೋ. ಶೋರೂಮಿನವರು ರಟ್ಟಿನಿಂದ ಮಾಡಿದ ಆಳೆತ್ತರದ ಕೀ ಒಂದನ್ನು ತಂದು ಭಾವನನ್ನು ನಡುವೆ ನಿಲ್ಲಿಸಲು ನೋಡಿದರು. ಭಾವ ಈ ಸಲ ಯಾರ ಮುಖವನ್ನೂ ನೋಡಲಿಲ್ಲ. "ನಾನ್ ಫೋಟೋ ತೆಗೀತೀನಿ" ಎಂದು ಮೊಬೈಲು ಹಿಡಿದು ಆಚೆ ಹೋಗಿ ನಿಂತರು. ಆ ಕೀಯನ್ನು ನಾನೂ ಅಮ್ಮನೂ ಹಿಡಿದೆವು. ಮಿಡಿಗೇಶಿ ದಾಟಿ ಅಕ್ಕನ ಊರಿಗೆ ಮೊದಲ ಸಲ ಹೋದದ್ದು ಅದರ ಮುಂದಿನ ರಜೆಯಲ್ಲಿ. ಅಮ್ಮ ದಾರಿಯುದ್ದಕ್ಕೂ ಹಾಡು ಗುನುಗುತ್ತಿದ್ದಳು.

ಕೆಲವು ದಿನಗಳಾದ ಮೇಲೆ ಸೇಲ್ಸ್‌ಮನ್ ಫೋನ್ ಮಾಡಿದ. ದನಿ ಬಹಳ ಮೆತ್ತಗಿತ್ತು.

"ಮೇಡಂ, ಕಂಪನಿಯಿಂದ ಫೋನ್ ಬರುತ್ತೆ. ನಮ್ ಸರ್ವೀಸ್ ಬಗ್ಗೆ ಕೇಳ್ತಾರೆ. ದಯವಿಟ್ಟು ಹತ್ತಕ್ಕೆ ಹತ್ತು ಕೊಟ್ಬಿಡಿ. ಒಂದು ಕಮ್ಮಿಯಾದ್ರೂ ನಮ್ಗೆ ಸೊನ್ನೆ ಅಂತಾನೇ ಲೆಕ್ಕ."

"ನನ್ನ ಕ್ಲಾಸಲ್ಲಿ ಯಾರೂ ಮಾರ್ಕ್ಸ್ ಕೇಳಿ ಇಸ್ಕೊಂಡಿಲ್ಲಪ್ಪ" ಎಂದೆ. "ನಡೆದದ್ದನ್ನ ಹೇಳ್ತೀನಿ."

ಫೋನ್ ಬಂದಾಗ ನಡೆದದ್ದನ್ನೇ ಹೇಳಿದೆ. ಗಾಡಿ ಚೆನ್ನಾಗಿದೆ, ಹೇಳಿದ ದಿನಕ್ಕೆ ಕೊಟ್ಟರು ಎಂಬುದನ್ನೂ ಹೇಳಿದೆ. ಕೀ ಯಾರಿಗೆ ಕೊಟ್ಟರು, ಏನು ಕೇಳಿದರು ಎಂಬುದನ್ನೂ ಬಿಡಲಿಲ್ಲ. ಆ ಕಡೆಯ ಹುಡುಗಿ, "ಎಷ್ಟು ಅಂತ ಹಾಕ್ಲಿ ಮೇಡಂ?" ಎಂದಳು. "ನಾಲ್ಕು" ಎಂದೆ.

ಮರುದಿನವೇ ಅವನು ಮತ್ತೆ ಫೋನ್ ಮಾಡಿ ಸಿಡುಕಿದ. "ಹಿಂಗ್ ಮಾಡ್ಬಿಟ್ರಲ್ಲ ಮೇಡಂ. ನಾನೇನ್ ತಪ್ಪು ಮಾಡ್ದೆ? ಎಲ್ಲಾ ಕಸ್ಟಮರ್ ಹತ್ರಾನೂ ನಾನು ಇಂಗೇ ಮಾತಾಡೋದು."

"ಅದೇ ತಪ್ಪು" ಎಂದು ಫೋನ್ ಇಟ್ಟೆ. ಪಾಪ ಎನಿಸಲಿಲ್ಲವೇ ಎಂದರೆ, ಎನಿಸಿತು. ಅವನಿಗೂ ಮನೆಯಿದೆ, ಮೇಲೆ ಬೈಯುವವರಿದ್ದಾರೆ. ಆದರೂ ಆ ನಾಲ್ಕನ್ನು ಐದು ಮಾಡುವ ಮನಸ್ಸು ಬರಲಿಲ್ಲ, ಇವತ್ತಿಗೂ ಇಲ್ಲ.

ಮೊದಲ ಸರ್ವೀಸಿಗೆ ಗಾಡಿ ಬಿಡಲು ಶಿರಾಕ್ಕೆ ಹೋದಾಗ ಅವನು ಬಾಗಿಲಲ್ಲೇ ನಿಂತಿದ್ದ. ನನ್ನನ್ನು ಕಂಡು ಮುಖ ಗಂಟಿಕ್ಕಿದರೂ ನಮಸ್ಕಾರ ಹೇಳಿದ. ನಾನು ಇಳಿದ ಮೇಲೂ ಗಾಡಿಯ ಇನ್ನೊಂದು ಬಾಗಿಲನ್ನೇ ನೋಡುತ್ತಿದ್ದ, ಅದರಿಂದ ಯಾರಾದರೂ ಇಳಿಯುತ್ತಾರೇನೋ ಎಂದು.

"ಒಬ್ರೇ ಬಂದ್ರಾ ಮೇಡಂ?"

"ಹೂಂ, ಒಬ್ಳೇ" ಎಂದು ಕೀಯನ್ನು ಅವನ ಅಂಗೈಯಲ್ಲಿಟ್ಟೆ. "ಮಧ್ಯಾಹ್ನದೊಳಗೆ ಕೊಡಿ, ನಂಗೆ ಕ್ಲಾಸಿದೆ."